ಪಿಟ್ಸ್‌ಬರ್ಗ್‌ನಲ್ಲಿ ಕಾರಿಲ್ಲದ ಅಪ್ಪ-ಅಮ್ಮ: ಒಂದು ಪ್ರಕರಣ ಅಧ್ಯಯನ

ಆರು ತಿಂಗಳ ಮಟ್ಟಿಗೆ ಮಕ್ಕಳ ಮನೆಗೆ ಬರುವ ನಮ್ಮ ತಂದೆ-ತಾಯಂದಿರು ನೋಡುವುದು ಎರಡು ಅಮೆರಿಕ. ಶನಿವಾರ, ಭಾನುವಾರ ಕಾರಿನ ಕಿಟಕಿಯಿಂದ ಕಾಣುವುದು ಒಂದು. ಸೋಮವಾರದಿಂದ ಶುಕ್ರವಾರದವರೆಗೆ ಮನೆಯ ಕಿಟಕಿಯಿಂದ ಕಾಣುವುದು ಇನ್ನೊಂದು. ಈ ಎರಡನೆಯದರಿಂದ ಬಹುಮಟ್ಟಿಗೆ ಪಾರಾದ ಒಂದು ದಂಪತಿಯ ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ.

ಊರು ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್. 2020ರ ಜನಗಣತಿಯಲ್ಲಿ ಮೂರು ಲಕ್ಷ ಚಿಲ್ಲರೆ ಜನ. ದಂಪತಿ ಮೈಸೂರಿನವರು. ಗಂಡ ಮಂಡ್ಯ ಸೀಮೆಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರು. ಅರವತ್ತು ದಾಟಿದ್ದಾರೆ, ಅರವತ್ತೈದು ಆಗಿಲ್ಲ. ಆಕೆಯನ್ನು ನಮ್ಮ ಕಟ್ಟಡದಲ್ಲಿದ್ದ ಕನ್ನಡದವರೆಲ್ಲ ಅಮ್ಮ ಎಂದೇ ಕರೆಯುತ್ತಿದ್ದೆವು. ಅಮ್ಮನಿಗೆ ಮಂಡಿ ನೋವು. ಸಮತಟ್ಟಾದ ದಾರಿಯಲ್ಲಿ ಅರ್ಧ ಗಂಟೆ ನಡೆದಾರು, ಇಳಿಜಾರು ಬಂದರೆ ಹತ್ತು ನಿಮಿಷವೂ ಕಷ್ಟ. ಒಬ್ಬಳೇ ಮಗಳು, ಕೆಲಸಕ್ಕೆ ಬೆಳಿಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವುದು ಸಂಜೆ ಆರರ ಮೇಲೆ. ಮನೆಯಲ್ಲಿರುವುದು ಒಂದೇ ಕಾರು, ಅದೂ ಅವಳ ಜೊತೆ ಹೋಗುತ್ತದೆ. ಅವರು ಬಂದದ್ದು ಏಪ್ರಿಲ್‌ನಲ್ಲಿ. ಮೊದಲ ವಾರಗಳಲ್ಲಿ ಮಗಳ ಮಾತು ಒಂದೇ: "ಅಪ್ಪಾ, ಎಲ್ಲೂ ಹೋಗ್ಬೇಡಿ, ಶನಿವಾರ ನಾನೇ ಕರ್ಕೊಂಡು ಹೋಗ್ತೀನಿ." ಮೇಷ್ಟ್ರು ಕಟ್ಟಡದ ಮುಂದಿನ ಪಾದಚಾರಿ ದಾರಿಯಲ್ಲಿ ಬೆಳಿಗ್ಗೆ ಸಂಜೆ ಅಡ್ಡಾಡುತ್ತಿದ್ದರು. ನಾನು ಮನೆಯಿಂದಲೇ ಕೆಲಸ ಮಾಡುವವನಾದ್ದರಿಂದ ಅವರ ಪ್ರಶ್ನೆಗಳೆಲ್ಲ ನನ್ನ ಬಾಗಿಲಿಗೆ ಬಂದವು.

ಮಗಳಿಗಿದ್ದ ಭಯ ದಾರಿ ತಪ್ಪುವುದರದ್ದು. ಮೇಷ್ಟ್ರ ಅಳುಕು ಇಂಗ್ಲಿಷಿನದು: ಓದಲು, ಬರೆಯಲು ಅಡ್ಡಿಯಿಲ್ಲ, ಇಲ್ಲಿನವರ ಉಚ್ಚಾರಣೆ ಕಿವಿಗೆ ಹತ್ತದು. ಕಡೆಗೆ ಇವೆರಡೂ ದೊಡ್ಡ ಸಮಸ್ಯೆಗಳಾಗಲಿಲ್ಲ. ತೊಡಕು ಬಂದದ್ದೆಲ್ಲ ಯಾರೂ ಮೊದಲೇ ಯೋಚಿಸದ ಕಡೆಯಿಂದ.

ಕಾರು ಮತ್ತು ಕ್ಯಾಬ್

ಹೊರದೇಶದ ಲೈಸೆನ್ಸ್ ಇರುವವರು ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ ಒಂದು ವರ್ಷದವರೆಗೆ, ಆ ಲೈಸೆನ್ಸಿನ ಅವಧಿ ಮುಗಿಯದಿದ್ದರೆ, ಇಲ್ಲಿ ಕಾರು ಓಡಿಸಬಹುದು. ಅಂತರರಾಷ್ಟ್ರೀಯ ಪರ್ಮಿಟ್ ಇದ್ದರೆ ಒಳ್ಳೆಯದು, ಕಡ್ಡಾಯವೇನಲ್ಲ. ಮೇಷ್ಟ್ರು ಮೈಸೂರಿನಲ್ಲಿ ಹಳೆಯ ಮಾರುತಿ ಓಡಿಸುತ್ತಾರೆ, ಲೈಸೆನ್ಸೂ ತಂದಿದ್ದರು. ಆದರೂ ಬಾಡಿಗೆ ಕಾರಿನ ಮಾತೆತ್ತಿದಾಗ ಕೈಮುಗಿದುಬಿಟ್ಟರು. "ಈ ವಯಸ್ಸಿಗೆ ಎಡ ಬಲ ಅದಲುಬದಲು ಮಾಡೋ ಸಾಹಸ ಬೇಡಪ್ಪ."

ನನ್ನ ಮಟ್ಟಿಗೆ ಅದು ಸರಿಯಾದ ತೀರ್ಮಾನ. ಕಾರಣ ಎಡ ಬಲ ಅಷ್ಟೇ ಅಲ್ಲ. ಈ ಊರಿನ ರಸ್ತೆಗಳಿಗೆ ಬರೆದಿಡದ ಒಂದು ಕಾನೂನಿದೆ. ಸಿಗ್ನಲ್ ಹಸಿರಾದ ಕ್ಷಣ ಎದುರಿನಿಂದ ಎಡಕ್ಕೆ ತಿರುಗಬೇಕಾದ ಮೊದಲ ಕಾರಿಗೆ ನೇರ ಹೋಗುವವನು ದಾರಿ ಬಿಡುತ್ತಾನೆ. 'ಪಿಟ್ಸ್‌ಬರ್ಗ್ ಲೆಫ್ಟ್' ಎಂದೇ ಅದಕ್ಕೆ ಹೆಸರು. ಕಾನೂನಿನಲ್ಲಿ ಇಲ್ಲ, ಚಾಲಕರ ತಲೆಯಲ್ಲಿದೆ. ಗೊತ್ತಿಲ್ಲದ ಚಾಲಕನಿಗೆ ಅಪಾಯ. ರಸ್ತೆ ದಾಟುವ ಪಾದಚಾರಿಗೆ ಅದಕ್ಕಿಂತ ಹೆಚ್ಚು. ಅದಕ್ಕೆ ಮುಂದೆ ಬರುತ್ತೇನೆ.

ಕ್ಯಾಬಿನ ವಿಷಯ ಬೇರೆ. ಫೋನಿನಲ್ಲಿ ಕರೆದರೆ ಐದು ಹತ್ತು ನಿಮಿಷಕ್ಕೆ ಬರುತ್ತದೆ. ಆದರೆ ಎರಡು ಮೈಲಿಗೂ ಹತ್ತು ಡಾಲರಿನ ಹತ್ತಿರ, ಕೆಲವೊಮ್ಮೆ ಮೇಲೆ. ಆ್ಯಪ್ ಇರುವುದು ಮಗಳ ಫೋನಿನಲ್ಲಿ, ದುಡ್ಡು ಹೋಗುವುದು ಮಗಳ ಕಾರ್ಡಿನಿಂದ. ಒಂದು ಬಾಳೆಹಣ್ಣು ತರಬೇಕೆಂದರೂ ಆಫೀಸಿನಲ್ಲಿರುವ ಮಗಳಿಗೆ ಫೋನ್ ಮಾಡಬೇಕು. ಡಾಲರನ್ನು ರೂಪಾಯಿಗೆ ಗುಣಿಸುವ ಗಣಿತದ ಮೇಷ್ಟ್ರಿಗೆ ಅದು ಸಹಿಸುವ ವ್ಯವಸ್ಥೆಯಲ್ಲ. ದುಡ್ಡಿಗಿಂತಲೂ, ಹೊರಗೆ ಹೋಗಲು ಮಗಳ ಅಪ್ಪಣೆ ಬೇಕಾಗುವುದು ಅವರನ್ನು ಹೆಚ್ಚು ಚುಚ್ಚುತ್ತಿತ್ತು. ಬಾಯಿಬಿಟ್ಟು ಹೇಳಿದವರಲ್ಲ.

ಊರಿನ ನೆಲ

ಪಿಟ್ಸ್‌ಬರ್ಗ್ ಅರ್ಥವಾಗಬೇಕಾದರೆ ಮೊದಲು ನೆಲ ನೋಡಬೇಕು. ಅಲೆಘನಿ, ಮೊನಾಂಗಹೀಲ ಎಂಬ ಎರಡು ನದಿಗಳು ಕೂಡಿ ಇಲ್ಲಿ ಒಹಾಯೊ ನದಿ ಹುಟ್ಟುತ್ತದೆ. ಸಂಗಮದ ಮೂಲೆಯಲ್ಲಿ ಡೌನ್‌ಟೌನ್. ಸುತ್ತ ಕಡಿದಾದ ಗುಡ್ಡಗಳು, ಗುಡ್ಡಗಳ ನಡುವೆ ಕಂದರಗಳು, ಕಂದರಗಳ ಮೇಲೆ ಸೇತುವೆಗಳು. ಊರಿನವರು 446 ಸೇತುವೆ ಎಂದು ಎದೆಯುಬ್ಬಿಸಿ ಲೆಕ್ಕ ಹೇಳುತ್ತಾರೆ. ಹಾಗಾಗಿ ನಕ್ಷೆಯಲ್ಲಿ ಕಾಣುವ ದೂರವನ್ನು ಇಲ್ಲಿ ನಂಬುವಂತಿಲ್ಲ. ಅರ್ಧ ಮೈಲಿ ಎಂದು ಕಂಡದ್ದರ ನಡುವೆ ಕಂದರವೊಂದು ಬಾಯಿ ತೆರೆದಿರುತ್ತದೆ. ಐದು ಮೈಲಿ ದೂರದ ಡೌನ್‌ಟೌನಿಗೆ ಒಂದೇ ಬಸ್ಸು ನೇರ ಒಯ್ಯುತ್ತದೆ.

1950ರಲ್ಲಿ ಈ ಊರಿನ ಜನಸಂಖ್ಯೆ ಆರೂಮುಕ್ಕಾಲು ಲಕ್ಷ. ಉಕ್ಕಿನ ಕಾರ್ಖಾನೆಗಳು ಮುಚ್ಚಿದವು, ಜನ ಉಪನಗರಗಳಿಗೂ ದೂರದ ರಾಜ್ಯಗಳಿಗೂ ಹೊರಟುಹೋದರು, ಅರ್ಧಕ್ಕಿಂತ ಕಡಿಮೆ ಉಳಿದರು. ಹೀಗಿದ್ದೂ ಬಸ್ ವ್ಯವಸ್ಥೆ ಇಷ್ಟು ಚೆನ್ನಾಗಿರುವುದೇ ಆಶ್ಚರ್ಯ. ಇದೇ ಗಾತ್ರದ ಅಮೆರಿಕದ ಎಷ್ಟೋ ಊರುಗಳಲ್ಲಿ ಬಸ್ಸು ಹೆಸರಿಗಷ್ಟೇ ಇರುತ್ತದೆ. ಇಲ್ಲಿ ಬಸ್ಸಿಗೆಂದೇ ಕಟ್ಟಿದ, ಕಾರುಗಳಿಗೆ ಪ್ರವೇಶವಿಲ್ಲದ ಮೂರು ರಸ್ತೆಗಳಿವೆ: ದಕ್ಷಿಣದ್ದು 1977ರದು, ಪೂರ್ವದ್ದು 1983ರದು, ಪಶ್ಚಿಮದ್ದು 2000ದ್ದು.

ಈ ದಂಪತಿಯ ಅದೃಷ್ಟವೆಂದರೆ ಮಗಳ ಮನೆ ಇದ್ದದ್ದು ಸ್ಕ್ವಿರಲ್ ಹಿಲ್ ಎಂಬ ಬಡಾವಣೆಯಲ್ಲಿ, ಫೋರ್ಬ್ಸ್ ಮತ್ತು ಮರ್ರಿ ಎಂಬ ಎರಡು ಅವೆನ್ಯೂ ಕೂಡುವ ಮೂಲೆಗೆ ಹತ್ತಿರ. ಅಂಗಡಿ, ಔಷಧಿ, ತರಕಾರಿ, ಗ್ರಂಥಾಲಯ ಎಲ್ಲ ನಡೆದು ಹೋಗುವ ದೂರದಲ್ಲಿ. ಬಾಡಿಗೆ ಹೆಚ್ಚೆಂದು ಮಗಳು ಅದೇ ವರ್ಷ ಊರಾಚೆಗೆ ಹೋಗುವವಳಿದ್ದಳು. ಹೋಗಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ. ಅಪ್ಪ-ಅಮ್ಮ ಬರುವ ವರ್ಷ ಮನೆ ಹಿಡಿಯುವವರು ಎಷ್ಟು ಕೋಣೆ ಎಂದು ನೋಡುವ ಮೊದಲು ಹತ್ತಿರದಲ್ಲಿ ಯಾವ ಬಸ್ ಓಡುತ್ತದೆ ಎಂದು ನೋಡಲಿ ಎಂಬುದು ನನ್ನ ಹಟ.

61 ಎಂಬ ಬಸ್ಸು

ಫೋರ್ಬ್ಸ್-ಮರ್ರಿ ಮೂಲೆಯಿಂದ ಡೌನ್‌ಟೌನಿಗೆ 61ಎ, 61ಬಿ, 61ಸಿ, 61ಡಿ ಎಂದು ನಾಲ್ಕು ಬಸ್ಸುಗಳು. ಮೇಷ್ಟ್ರು ಮೊದಲ ದಿನ ಈ ಅಕ್ಷರಗಳನ್ನು ನೋಡಿ ಗಾಬರಿಯಾಗಿ, ನನ್ನ ಎದುರು ಕೂತು ಹಾಳೆಯಲ್ಲಿ ನಾಲ್ಕರ ದಾರಿಯನ್ನೂ ಗೆರೆ ಎಳೆದು ಬಿಡಿಸಿದರು. ಬಿಡಿಸಿದ ಮೇಲೆ ಗೊತ್ತಾದದ್ದು ಇಷ್ಟು: ಡೌನ್‌ಟೌನಿನಿಂದ ಓಕ್‌ಲ್ಯಾಂಡ್ ಎಂಬ ಬಡಾವಣೆಯ ಮೂಲಕ ಸ್ಕ್ವಿರಲ್ ಹಿಲ್‌ವರೆಗೆ ನಾಲ್ಕೂ ಒಂದೇ ದಾರಿ, ಕವಲೊಡೆಯುವುದು ಅಲ್ಲಿಂದಾಚೆಗೆ. ಅಂದರೆ ಮನೆಗೆ ಬರಲು, ಮನೆಯಿಂದ ಪೇಟೆಗೆ ಹೋಗಲು, ಅಕ್ಷರ ನೋಡುವ ಅಗತ್ಯವೇ ಇಲ್ಲ, 61 ಕಂಡರೆ ಹತ್ತುವುದು. ಮೊನಾಂಗಹೀಲ ನದಿಯಾಚೆ ಹೋಮ್‌ಸ್ಟೆಡ್‌ನ ದೊಡ್ಡ ಅಂಗಡಿಗಳಿಗೆ ಹೋಗುವಾಗ ಮಾತ್ರ ಸಿ ಅಥವಾ ಡಿ ಬೇಕು. ಆ ಅಂಗಡಿಗಳು ಇರುವ ಜಾಗ ಹಿಂದೆ ಉದ್ಯಮಿ ಆ್ಯಂಡ್ರೂ ಕಾರ್ನೆಗಿಯ ಉಕ್ಕಿನ ಕಾರ್ಖಾನೆ. 1892ರಲ್ಲಿ ಮುಷ್ಕರನಿರತ ಕಾರ್ಮಿಕರಿಗೂ ಕಂಪನಿ ಕರೆಸಿದ ಪಿಂಕರ್ಟನ್ ಕಾವಲುಗಾರರಿಗೂ ಗುಂಡಿನ ಕಾಳಗ ನಡೆದ ಸ್ಥಳ ಅದು. ಹಳೆಯ ಚಿಮಣಿಗಳ ಸಾಲೊಂದು ಈಗಲೂ ನಿಂತಿದೆ. ಅಮ್ಮ ಅಂಗಡಿಯೊಳಗೆ ಇದ್ದಷ್ಟು ಹೊತ್ತೂ ಮೇಷ್ಟ್ರು ಚಿಮಣಿಗಳ ಬುಡದಲ್ಲಿ ಇರುತ್ತಿದ್ದರು.

ಈ ಒಂದು ದಾರಿ ಕೈಗೆ ಸಿಕ್ಕಿದ್ದೇ ತಿರುವು. ಊರಿನ ನಕ್ಷೆ ಪೂರ್ತಿ ಕಲಿಯುವ ಹಂಬಲ ಬಿಟ್ಟು, ಒಂದು ಬಸ್ಸಿನ ದಾರಿಯನ್ನೇ ಊರು ಎಂದು ಒಪ್ಪಿಕೊಂಡರು. ಎಲ್ಲಿಗೆ ಹೋಗೋಣ ಎಂದು ಮೊದಲು ಗೊತ್ತುಮಾಡಿ ಆಮೇಲೆ ದಾರಿ ಹುಡುಕುವುದು ನಮ್ಮೆಲ್ಲರ ಅಭ್ಯಾಸ. ಅವರು ಅದನ್ನು ತಿರುಗಿಸಿದರು: 61 ಎಲ್ಲೆಲ್ಲಿ ನಿಲ್ಲುತ್ತದೆ, ಅಲ್ಲಿ ಏನಿದೆ ನೋಡೋಣ. ಓಕ್‌ಲ್ಯಾಂಡಿನಲ್ಲಿ 1895ರ ಕಾರ್ನೆಗಿ ಗ್ರಂಥಾಲಯ, ಅದಕ್ಕೆ ತಾಗಿ ವಸ್ತುಸಂಗ್ರಹಾಲಯ, ಅಲ್ಲಿಂದ ಸ್ವಲ್ಪ ದೂರದಲ್ಲಿ 1893ರ ಫಿಪ್ಸ್ ಗಾಜಿನಮನೆ ತೋಟ. ಎದುರಿಗೆ 42 ಮಹಡಿಯ 'ಕೆಥೆಡ್ರಲ್ ಆಫ್ ಲರ್ನಿಂಗ್'. ಹೆಸರು ಕೇಳಿ ಅಮ್ಮ ಚರ್ಚು ಎಂದುಕೊಂಡಿದ್ದರು. ಅದು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಕಟ್ಟಡ. ಒಳಗೆ ಬೇರೆ ಬೇರೆ ನಾಡುಗಳ ಶೈಲಿಯ 31 ತರಗತಿ ಕೋಣೆಗಳಿವೆ. ಭಾರತದ ಕೋಣೆ ನಲಂದಾದ ಮಾದರಿ. ಮೇಷ್ಟ್ರು ಆ ಕೋಣೆಯಲ್ಲಿ ಒಂದು ಬೆಂಚಿನ ಮೇಲೆ ಕೂತು, "ಬ್ಲ್ಯಾಕ್‌ಬೋರ್ಡ್ ಮಾತ್ರ ಚೆನ್ನಾಗಿದೆ, ಬೆಂಚು ಅಗಲ ಸಾಲ್ದು" ಎಂದರಂತೆ.

ದುಡ್ಡಿನ ವಿಷಯ

ಬಸ್ಸು ನಡೆಸುವುದು ಪಿಟ್ಸ್‌ಬರ್ಗ್ ರೀಜನಲ್ ಟ್ರಾನ್ಸಿಟ್. 2022ರವರೆಗೆ ಅದರ ಹೆಸರು ಪೋರ್ಟ್ ಅಥಾರಿಟಿ, ಹಳಬರು ಈಗಲೂ ಹಾಗೇ ಕರೆಯುತ್ತಾರೆ. ಒಂದು ಮೈಲಿ ಹೋದರೂ ಹದಿನೈದು ಮೈಲಿ ಹೋದರೂ ಟಿಕೆಟ್ ಎರಡು ಡಾಲರ್ 75 ಸೆಂಟ್. ನಗದು ಕೊಟ್ಟರೆ ಸರಿಯಾದ ಚಿಲ್ಲರೆ ಇರಬೇಕು. ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ, ಚಾಲಕ ಚಿಲ್ಲರೆ ಕೊಡುವುದಿಲ್ಲ. ಮುಖ್ಯವಾದದ್ದು ಇನ್ನೊಂದಿದೆ. ನಗದು ಕೊಟ್ಟವರಿಗೆ ಆ ಒಂದು ಪ್ರಯಾಣ ಅಷ್ಟೆ. 'ಕನೆಕ್ಟ್‌ಕಾರ್ಡ್' ಎಂಬ ಕಾರ್ಡಿನಲ್ಲಿ ದುಡ್ಡು ತುಂಬಿಸಿ ಯಂತ್ರಕ್ಕೆ ಮುಟ್ಟಿಸಿದವರಿಗೆ, ಅಥವಾ ಫೋನಿನ ಆ್ಯಪಿನಲ್ಲಿ ಕೊಂಡವರಿಗೆ, ಮೂರು ಗಂಟೆ ಕಾಲ ಎಷ್ಟು ಬಸ್ಸು ಬೇಕಾದರೂ ಹತ್ತಿ ಇಳಿಯಬಹುದು. ಹೋದ ದಾರಿಯಲ್ಲೇ ವಾಪಸ್ ಬಂದರೂ ಅದೇ ಟಿಕೆಟ್.

ಗಣಿತದ ಮೇಷ್ಟ್ರಿಗೆ ಇದಕ್ಕಿಂತ ಏನು ಬೇಕು? ಏಳು ದಿನದ ಪಾಸು 25 ಡಾಲರ್. ಭಾಗಿಸಿದರೆ ಹತ್ತನೆಯ ಟಿಕೆಟಿನಿಂದ ಲಾಭ. ತಮ್ಮ ಸುತ್ತಾಟವನ್ನು ಮೂರು ಗಂಟೆಯ ಕಂತುಗಳಾಗಿ ಕತ್ತರಿಸಿದರೆ ವಾರಕ್ಕೆ ಹತ್ತು ಟಿಕೆಟ್ ಆಗುವುದೇ ಇಲ್ಲ, ಆದ್ದರಿಂದ ಪಾಸು ನಷ್ಟ ಎಂದು ಅವರು ಸಾಧಿಸಿ ತೋರಿಸಿದರು. ಓಕ್‌ಲ್ಯಾಂಡಿಗೆ ಹೋಗಿ, ಗ್ರಂಥಾಲಯದಲ್ಲಿ ಒಂದೂವರೆ ಗಂಟೆ ಕೂತು, ಒಂದು ಸುತ್ತು ಹಾಕಿ ಬಂದರೆ ಇಬ್ಬರಿಗೂ ಸೇರಿ ಐದೂವರೆ ಡಾಲರ್, ಹೋಗಿಬರುವ ಖರ್ಚೆಲ್ಲ ಅದರಲ್ಲೇ. ಅಮ್ಮ ಮಾತ್ರ ಒಪ್ಪಲಿಲ್ಲ. 2023ರಿಂದ ಶಕ್ತಿ ಯೋಜನೆಯಲ್ಲಿ ಆಧಾರ್ ತೋರಿಸಿ ಮೈಸೂರಿನಿಂದ ಹಾಸನದ ತವರಿಗೆ ಪುಕ್ಕಟೆ ಓಡಾಡಿದವರು. "ಇಷ್ಟು ದೊಡ್ಡ ದೇಶ, ಹೆಂಗಸರಿಗೆ ಟಿಕೆಟ್ ತಗೋತಾರಲ್ಲ!" ಎಂದು ಮೊದಲ ದಿನ ಬಸ್ಸಿನಲ್ಲೇ ಗಟ್ಟಿಯಾಗಿ ಹೇಳಿದರು. ಅರವತ್ತೈದು ದಾಟಿದವರಿಗೆಂದು ಇಲ್ಲೂ ಉಚಿತ ಪ್ರಯಾಣದ ಕಾರ್ಡಿದೆ, ಅದಕ್ಕೆ ದುಡ್ಡು ಬರುವುದು ರಾಜ್ಯದ ಲಾಟರಿಯಿಂದ. ಕರ್ನಾಟಕದಲ್ಲಿ ಲಾಟರಿ ನಿಷೇಧವಾದದ್ದು 2007ರಲ್ಲಿ. ಆಗಿನ ಕಾಲದಲ್ಲಿ ಲಾಟರಿಗೆ ಸಂಬಳ ಸುರಿದ ಸಹೋದ್ಯೋಗಿಗಳನ್ನು ಕಂಡಿದ್ದ ಮೇಷ್ಟ್ರು ಇದನ್ನು ಕೇಳಿ ಬಹಳ ಹೊತ್ತು ತಲೆಯಾಡಿಸಿದರು.

ಮೂರು ಗಂಟೆಯ ಈ ಆಟದ ತುದಿ ಮುಟ್ಟಿದ್ದು ಒಂದು ಬುಧವಾರ. 61ರಲ್ಲಿ ಡೌನ್‌ಟೌನಿಗೆ, ಅಲ್ಲಿ ಸ್ಟೀಲ್ ಪ್ಲಾಜಾದಲ್ಲಿ ನೆಲದಡಿಗೆ ಇಳಿದು ಲಘು ರೈಲು. ಊರಿನವರು ಅದನ್ನು ಬರೀ 'ಟಿ' ಎನ್ನುತ್ತಾರೆ. ಡೌನ್‌ಟೌನಿನ ನಿಲ್ದಾಣಗಳ ನಡುವೆ, ಅಲ್ಲಿಂದ ಅಲೆಘನಿ ನದಿಯಾಚೆಯ ಎರಡು ನಿಲ್ದಾಣಗಳಿಗೆ, ಟಿ ಪೂರ್ತಿ ಉಚಿತ. ನದಿಯ ತಳದಲ್ಲಿ ಸುರಂಗ ಕೊರೆದು 2012ರ ಮಾರ್ಚಿನಲ್ಲಿ ಆ ತುಂಡು ತೆರೆದರು. ಅಂದು ಅವರು ಹಿಡಿದದ್ದು ಇನ್ನೊಂದು ದಿಕ್ಕು: ಮೊನಾಂಗಹೀಲ ದಾಟಿ ಸ್ಟೇಷನ್ ಸ್ಕ್ವೇರ್. ಅಲ್ಲಿ ರಸ್ತೆ ದಾಟಿದರೆ ಗುಡ್ಡದ ಮೈಗೆ ಹಳಿ ಹಾಸಿ ಹಗ್ಗದಿಂದ ಎಳೆಯುವ ಡಬ್ಬಿ, ಮೊನಾಂಗಹೀಲ ಇನ್‌ಕ್ಲೈನ್. 1870ರಲ್ಲಿ ಶುರುವಾದದ್ದು, ಅಮೆರಿಕದಲ್ಲಿ ಅಂದಿನಿಂದ ಓಡುತ್ತಲೇ ಬಂದಿರುವವುಗಳಲ್ಲಿ ಅತ್ಯಂತ ಹಳೆಯದು. ಗುಡ್ಡದ ಮೇಲೆ ಮನೆ, ಕೆಳಗೆ ಕಾರ್ಖಾನೆ ಇದ್ದ ಕಾರ್ಮಿಕರಿಗಾಗಿ ಇಂಥವು ಊರಿನಲ್ಲಿ ಬಹಳ ಇದ್ದವು. ಈಗ ಉಳಿದದ್ದು ಎರಡು, ಇನ್ನೊಂದು 1877ರ ಡ್ಯೂಕೇನ್ ಇನ್‌ಕ್ಲೈನ್. ಪ್ರವಾಸಿಗರಿಗೆ ಇದು ನೋಟ, ಗುಡ್ಡದ ಮೇಲಿನವರಿಗೆ ಇವತ್ತಿಗೂ ದಿನದ ವಾಹನ. ಆದ್ದರಿಂದಲೇ ಬಸ್ಸಿನ ಕಾರ್ಡು ಅಲ್ಲೂ ನಡೆಯುತ್ತದೆ. ಬಸ್ಸು, ರೈಲು, ಇನ್‌ಕ್ಲೈನ್, ಮತ್ತೆ ಅದೇ ಕ್ರಮದಲ್ಲಿ ವಾಪಸ್, ಎಲ್ಲ ಒಂದೇ ಟಿಕೆಟಿನಲ್ಲಿ. ಮೇಲೆ ಕಟಕಟೆ ಹಿಡಿದು ಮೂರು ನದಿಗಳನ್ನು ನೋಡುತ್ತಿದ್ದ ಅಮ್ಮನನ್ನು ಮೇಷ್ಟ್ರು ಗಡಿಯಾರ ತೋರಿಸಿ ಎಬ್ಬಿಸಿದರಂತೆ. ಆ ಸಿಟ್ಟು ಮೂರು ದಿನ ಇತ್ತು. ಮೂರು ಗಂಟೆ ಉಳಿಸಿದ ದುಡ್ಡಿನ ಬೆಲೆ ಅಮ್ಮನ ಲೆಕ್ಕದಲ್ಲಿ ಬೇರೆ. ಇನ್‌ಕ್ಲೈನುಗಳು ಆಗಾಗ ರಿಪೇರಿಗೆಂದು ನಿಲ್ಲುತ್ತವೆ, ಹೊರಡುವ ಮೊದಲು ನೋಡಿಕೊಳ್ಳಬೇಕು.

ಇದರ ಜೊತೆ ಹೇಳಬೇಕಾದ ಸಣ್ಣ ಸಂಗತಿಗಳು: ನಿಲ್ದಾಣದ ಫಲಕದ ಬಳಿ ನಿಂತಿದ್ದರೂ ಬಸ್ಸು ಕಂಡಾಗ ಕೈ ಎತ್ತುವುದು ಒಳ್ಳೆಯದು. ಇಳಿಯುವ ಮುನ್ನ ಕಿಟಕಿಯ ಬದಿಯ ಹಗ್ಗ ಎಳೆಯಬೇಕು. ಮಂಡಿ ನೋವಿನವರು ಕೇಳಿದರೆ ಚಾಲಕರು ಬಸ್ಸಿನ ಮುಂಭಾಗವನ್ನು ತಗ್ಗಿಸುತ್ತಾರೆ. ಅಮ್ಮ ಕೇಳಲು ನಾಚುತ್ತಿದ್ದರು, ಮೇಷ್ಟ್ರು ಅವರ ಪರವಾಗಿ ಮಂಡಿ ಮುಟ್ಟಿ ತೋರಿಸುತ್ತಿದ್ದರು, ಅಷ್ಟು ಸಾಕಾಗುತ್ತಿತ್ತು. ಇಳಿಯುವಾಗ ಚಾಲಕನಿಗೆ ಥ್ಯಾಂಕ್ಸ್ ಹೇಳುವುದು ಈ ಊರಿನ ರೂಢಿ. ಅದನ್ನು ಅಮ್ಮ ಬೇಗ ಕಲಿತರು.

ಕಾಲ್ನಡಿಗೆಯಲ್ಲಿ ಬಂದ ಪೇಚು

ತೊಡಕೆಲ್ಲ ಶುರುವಾಗುತ್ತಿದ್ದುದು ಬಸ್ಸಿನಿಂದ ಇಳಿದ ಮೇಲೆ.

ಮೊದಲನೆಯದು ಮೆಟ್ಟಿಲು. ಪಿಟ್ಸ್‌ಬರ್ಗ್‌ನಲ್ಲಿ ನಗರಸಭೆಗೆ ಸೇರಿದ ಸಾರ್ವಜನಿಕ ಮೆಟ್ಟಿಲು ಸಾಲುಗಳು ಸುಮಾರು 800. ಎಷ್ಟೋ ಸಾಲುಗಳಿಗೆ ಬೀದಿಯ ಹೆಸರಿದೆ, ಬೀದಿಯ ಫಲಕವಿದೆ, ನಕ್ಷೆಯಲ್ಲಿ ಬೀದಿ ಎಂದೇ ಕಾಣುತ್ತವೆ. ಹತ್ತಿರ ಹೋಗಿ ನೋಡಿದರೆ ಪೊದೆಗಳ ನಡುವೆ ಕಾಂಕ್ರೀಟು ಮೆಟ್ಟಿಲು. ಗ್ರೀನ್‌ಫೀಲ್ಡ್ ಎಂಬ ಪಕ್ಕದ ಬಡಾವಣೆಯಲ್ಲಿ ಬಸ್ ನಿಲ್ದಾಣಕ್ಕೆ ಹತ್ತಿರದ ದಾರಿ ಎಂದು ಫೋನು ತೋರಿಸಿದ ಬೀದಿ ಹೀಗೆ ಕೊನೆಗೊಂಡಿತು. ಚಾಮುಂಡಿ ಬೆಟ್ಟವನ್ನು ಮೆಟ್ಟಿಲಲ್ಲೇ ಹತ್ತಿ ಅಭ್ಯಾಸವಿದ್ದ ಮೇಷ್ಟ್ರು ಅದನ್ನೊಂದು ಲೆಕ್ಕಕ್ಕೇ ಇಡಲಿಲ್ಲ. "ಎಷ್ಟಿದೆ ಮಹಾ, ಬಾ." ಅರ್ಧ ಇಳಿದ ಮೇಲೆ ಅಮ್ಮನ ಮಂಡಿ ಹಿಡಿಯಿತು. ಕೆಳಗೆ ಹೋಗುವಂತಿಲ್ಲ, ಮೇಲೆ ಬರುವಂತಿಲ್ಲ. ಒಂದು ಕೈ ಕಟಾಂಜನಕ್ಕೆ, ಇನ್ನೊಂದು ಕೈ ಗಂಡನ ಹೆಗಲಿಗೆ ಕೊಟ್ಟು, ಅಡ್ಡಡ್ಡಲಾಗಿ ಒಂದೊಂದೇ ಮೆಟ್ಟಿಲು ಇಳಿದರು. ಅಂದಿನಿಂದ ನಿಯಮವಾಯಿತು: ಗೊತ್ತಿಲ್ಲದ ದಾರಿಯನ್ನು ಮೊದಲು ಫೋನಿನಲ್ಲಿ ಬೀದಿಯ ಚಿತ್ರವಾಗಿ ನೋಡುವುದು, ಎತ್ತರ-ತಗ್ಗು ತೋರಿಸುವ ಗೆರೆಯನ್ನೂ ನೋಡುವುದು. ಸೈಕಲ್ಲಿನವರಿಗೆಂದು ನಕ್ಷೆಯಲ್ಲಿ ಇರುವ ಏರಿಳಿತದ ಚಿತ್ರ ಮಂಡಿ ನೋವಿನವರಿಗೂ ಆಗುತ್ತದೆ. ಒಂದು ನಿಲ್ದಾಣ ಮುಂದೆ ಹೋಗಿ ಸಮತಟ್ಟಿನಲ್ಲಿ ಎರಡರಷ್ಟು ನಡೆದರೂ ಚಿಂತೆಯಿಲ್ಲ.

ಎರಡನೆಯದು ರಸ್ತೆ ದಾಟುವುದು. ವಾಹನಗಳು ಬಲಬದಿಯಲ್ಲಿ ಓಡುವ ದೇಶದಲ್ಲಿ ಮೊದಲು ಎಡಕ್ಕೆ ನೋಡಬೇಕು, ಅರವತ್ತು ವರ್ಷದ ಕತ್ತು ಬಲಕ್ಕೆ ತಿರುಗುತ್ತದೆ. ಅದರ ಮೇಲೆ ಕೆಂಪು ದೀಪವಿದ್ದರೂ ನಿಂತು ನೋಡಿ ಬಲಕ್ಕೆ ತಿರುಗುವ ಅನುಮತಿ ಬಹುತೇಕ ಕಡೆ ಕಾರುಗಳಿಗಿದೆ. ಅದರ ಮೇಲೆ ಆಗಲೇ ಹೇಳಿದ ಪಿಟ್ಸ್‌ಬರ್ಗ್ ಲೆಫ್ಟ್. ಸಿಗ್ನಲಿನಲ್ಲಿ ನಡೆಯುವ ಬೊಂಬೆ ಬೆಳಗಿತು ಎಂದು ಅಮ್ಮ ಕಾಲಿಟ್ಟ ಕ್ಷಣವೇ ಎದುರಿನ ಕಾರು ಸರಕ್ಕನೆ ತಿರುಗಿಬಂತು. ಬ್ರೇಕು ಬಿತ್ತು, ಏನೂ ಆಗಲಿಲ್ಲ. ಬೊಂಬೆ ಬೆಳಗಿದ ಮೇಲೆ ಮೊದಲ ಕಾರು ಹೋಗುವವರೆಗೆ ನಿಂತು ಆಮೇಲೆ ಹೊರಡುವುದನ್ನು ಇಬ್ಬರೂ ಅಭ್ಯಾಸ ಮಾಡಿಕೊಂಡರು. ನಾನೂ ಈಗ ಹಾಗೇ ಮಾಡುತ್ತೇನೆ.

ಮೂರನೆಯದು ಹೆಸರುಗಳ ಗೋಜಲು. ಡೌನ್‌ಟೌನನ್ನು 1784ರಲ್ಲಿ ಅಳತೆ ಮಾಡಿದಾಗ ಎರಡು ನದಿಗಳಿಗೆ ಹೊಂದುವಂತೆ ಎರಡು ಬೇರೆ ಬೇರೆ ಚೌಕಟ್ಟುಗಳನ್ನು ಎಳೆದರು. ಅವು ಲಿಬರ್ಟಿ ಅವೆನ್ಯೂದಲ್ಲಿ ಓರೆಯಾಗಿ ಡಿಕ್ಕಿ ಹೊಡೆಯುತ್ತವೆ. ಒಂದು ಬದಿಯಲ್ಲಿ ಸಿಕ್ಸ್ತ್ ಸ್ಟ್ರೀಟ್, ಇನ್ನೊಂದು ಬದಿಯಲ್ಲಿ ಸಿಕ್ಸ್ತ್ ಅವೆನ್ಯೂ. ಮಗಳು ಸಂಜೆ ಸಿಕ್ಸ್ತ್ ಸ್ಟ್ರೀಟಿನಲ್ಲಿ ಕಾರಿನೊಂದಿಗೆ ಕಾಯುತ್ತಿದ್ದರೆ ಇವರು ಅವೆನ್ಯೂದಲ್ಲಿ. ಮಗಳಿಗೆ ಮೊದಲಿನಿಂದ ಇದ್ದ ದಾರಿ ತಪ್ಪುವ ಭಯ ನಿಜವಾದದ್ದು ಅದೊಂದೇ ಸಲ, ಅದೂ ಅವಳೇ ಕರೆಸಿಕೊಂಡಾಗ. ಸ್ಥಳೀಯರನ್ನು ಕೇಳಿದರೂ ಪ್ರಯೋಜನ ಅಷ್ಟಕ್ಕಷ್ಟೆ, ಎಂದೋ ಕೆಡವಿದ ಅಂಗಡಿಯ ಗುರುತು ಹೇಳಿ ದಾರಿ ತೋರಿಸುವುದಕ್ಕೆ ಪಿಟ್ಸ್‌ಬರ್ಗಿನವರು ಹೆಸರುವಾಸಿ. ಓಕ್‌ಲ್ಯಾಂಡಿನಲ್ಲಿ ಇನ್ನೊಂದು ರಗಳೆ: ಡೌನ್‌ಟೌನ್ ಕಡೆಯ 61 ಫಿಫ್ತ್ ಅವೆನ್ಯೂದಲ್ಲಿ, ಮನೆಯ ಕಡೆಯದು ಫೋರ್ಬ್ಸ್ ಅವೆನ್ಯೂದಲ್ಲಿ. ಇಳಿದಲ್ಲೇ ಎದುರು ಬದಿಗೆ ನಿಂತರೆ ಮನೆಯ ಬಸ್ಸು ಬರುವುದಿಲ್ಲ.

ಇನ್ನು ಕೂರುವ ಜಾಗ ಮತ್ತು ಶೌಚಾಲಯ. ಪ್ರವಾಸಿ ಕೈಪಿಡಿಗಳು ಇದನ್ನು ಬರೆಯುವುದಿಲ್ಲ, ಅರವತ್ತು ದಾಟಿದವರಿಗೆ ಇದೇ ಮೊದಲ ಪ್ರಶ್ನೆ. ರಸ್ತೆ ಬದಿಯಲ್ಲಿ ಸಾರ್ವಜನಿಕ ಶೌಚಾಲಯ ಇಲ್ಲವೆಂದೇ ಹೇಳಬೇಕು. ಕೈಹಿಡಿದದ್ದು ಕಾರ್ನೆಗಿ ಗ್ರಂಥಾಲಯದ ಶಾಖೆಗಳು. ಸ್ಕ್ವಿರಲ್ ಹಿಲ್ ಶಾಖೆ ಸರಿಯಾಗಿ ಬಸ್ಸು ಹತ್ತುವ ಮೂಲೆಯಲ್ಲೇ ಇದೆ. ಯಾರು ಬೇಕಾದರೂ ಹೋಗಿ ಕೂರಬಹುದು, ಸದಸ್ಯತ್ವ ಕೇಳುವವರಿಲ್ಲ. ಓಕ್‌ಲ್ಯಾಂಡಿನ ಮುಖ್ಯ ಕಟ್ಟಡದ ಬಾಗಿಲ ಮೇಲೆ 'ಜನರಿಗೆ ಉಚಿತ' ಎಂಬರ್ಥದ ಮಾತನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಹೋಮ್‌ಸ್ಟೆಡ್‌ನಲ್ಲಿ ಗುಂಡು ಹಾರಿದ ಕಾರ್ಖಾನೆಯ ಒಡೆಯನೇ ಇದನ್ನೂ ಕಟ್ಟಿಸಿದವನು ಎಂದು ತಿಳಿದಾಗ ಮೇಷ್ಟ್ರು, "ಎರಡೂ ಕೈ ಅವನದೇ" ಎಂದರು. ಅವರ ಸುತ್ತಾಟದ ನಕ್ಷೆ ಕ್ರಮೇಣ ಗ್ರಂಥಾಲಯದಿಂದ ಗ್ರಂಥಾಲಯಕ್ಕೆ ಎಳೆದ ಗೆರೆಯಾಯಿತು.

ಇವೆಲ್ಲ ಸೋಮವಾರದಿಂದ ಶುಕ್ರವಾರದ ಮಾತು. ಭಾನುವಾರ ಬಸ್ಸುಗಳು ವಿರಳ, ತಪ್ಪಿದರೆ ಬಹಳ ಹೊತ್ತು ನಿಲ್ಲಬೇಕು. ಡೌನ್‌ಟೌನ್ ಮತ್ತು ಓಕ್‌ಲ್ಯಾಂಡಿನ ನಡುವೆ ಬಸ್ಸಿಗೆ ಪ್ರತ್ಯೇಕ ಪಥ ಹಾಕುವ ಕಾಮಗಾರಿಯಿಂದ ನಿಲ್ದಾಣಗಳು ಜಾಗ ಬದಲಿಸುತ್ತಿದ್ದವು. ಬಸ್ಸು ಈಗ ಎಲ್ಲಿದೆ ಎಂದು ತೋರಿಸುವ ಆ್ಯಪನ್ನೇ ನೋಡಬೇಕಿತ್ತು, ನಿಲ್ದಾಣದ ಕಾಗದವನ್ನಲ್ಲ. ಇದಕ್ಕಾಗಿ ಮೇಷ್ಟ್ರ ಫೋನಿಗೆ ಇಲ್ಲಿನ ಸಿಮ್ ಹಾಕಿಸಿದ್ದು ಮಗಳು ಮಾಡಿದ ಅತ್ಯಂತ ಉಪಯುಕ್ತ ಖರ್ಚು.

ಬಸ್ಸಿನಲ್ಲಿ ಪಕ್ಕದವರು ಹೇಳಿದ ಕಥೆಯೊಂದು ನಿಜವೇ ಎಂದು ಮೇಷ್ಟ್ರು ಒಮ್ಮೆ ನನ್ನನ್ನು ಕೇಳಿದರು. ನಿಜ. 2022ರ ಜನವರಿ 28ರ ಬೆಳಗಿನ ಜಾವ ಸ್ಕ್ವಿರಲ್ ಹಿಲ್ಲಿನಿಂದ ಮುಂದೆ ಫೋರ್ಬ್ಸ್ ಅವೆನ್ಯೂವನ್ನು ಕಂದರದಾಚೆ ಒಯ್ಯುವ ಫರ್ನ್ ಹಾಲೋ ಸೇತುವೆ ಹಿಮದ ನಡುವೆ ಕುಸಿಯಿತು. ಮೇಲಿದ್ದ ವಾಹನಗಳಲ್ಲಿ ಒಂದು 61ಬಿ ಬಸ್ಸು. ಯಾರೂ ಸಾಯಲಿಲ್ಲ. ಸೇತುವೆ-ರಸ್ತೆಗಳಿಗೆ ಹಣ ಹಾಕುವ ಬಗ್ಗೆ ಭಾಷಣ ಮಾಡಲು ಆಗಿನ ಅಧ್ಯಕ್ಷ ಬೈಡನ್ ಅದೇ ದಿನ ಪಿಟ್ಸ್‌ಬರ್ಗಿಗೆ ಬರುವವರಿದ್ದರು, ಬಂದು ಕುಸಿದ ಸೇತುವೆ ನೋಡಿದರು. ಆ ವರ್ಷ ಮುಗಿಯುವ ಮೊದಲೇ ಹೊಸ ಸೇತುವೆ ಸಿದ್ಧವಾಯಿತು. ಅಮ್ಮನಿಗೆ ಇದನ್ನು ಹೇಳಕೂಡದೆಂದು ನಾವಿಬ್ಬರೂ ಒಪ್ಪಂದ ಮಾಡಿಕೊಂಡೆವು.

ವಿಮಾನ ನಿಲ್ದಾಣದ ಬಗ್ಗೆ ಎರಡೇ ಮಾತು. 28ಎಕ್ಸ್ ಎಂಬ ಬಸ್ಸು ಓಕ್‌ಲ್ಯಾಂಡ್, ಡೌನ್‌ಟೌನ್ ಮೂಲಕ ವಿಮಾನ ನಿಲ್ದಾಣಕ್ಕೆ ಅದೇ ಎರಡು ಮುಕ್ಕಾಲು ಡಾಲರಿಗೆ ಒಯ್ಯುತ್ತದೆ. ಬೆನ್ನಚೀಲದ ವಿದ್ಯಾರ್ಥಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ತಲಾ 23 ಕಿಲೋದ ಸೂಟ್‌ಕೇಸುಗಳ ಜೊತೆ ಬಸ್ಸು ಬದಲಿಸಿ ಹೋಗುವುದು ಹುಚ್ಚುತನ. ಮೇಷ್ಟ್ರು ಅದನ್ನೂ ಲೆಕ್ಕ ಹಾಕಲು ಹೊರಟಿದ್ದರು, ಮಗಳು ಕೇಳಲಿಲ್ಲ.

ಬಗೆಹರಿಯದೆ ಉಳಿದದ್ದು

ಅಮ್ಮ ಈ ಊರಿಗೆ ಬರುವ ಮೊದಲೇ ಕೇಳಿದ್ದ ಜಾಗ ಒಂದೇ: ಪೆನ್ ಹಿಲ್ಸ್‌ನ ಶ್ರೀ ವೆಂಕಟೇಶ್ವರ ದೇವಸ್ಥಾನ. 1970ರ ದಶಕದಲ್ಲಿ ಗುಡ್ಡದ ಮೇಲೆ ಕಟ್ಟಿದ್ದು, ಅಮೆರಿಕದಲ್ಲಿ ಶಾಸ್ತ್ರೋಕ್ತವಾಗಿ ಕಟ್ಟಿದ ಮೊದಮೊದಲ ದೇವಸ್ಥಾನಗಳಲ್ಲಿ ಒಂದು. ಬೇರೆ ರಾಜ್ಯಗಳಿಂದ ರಾತ್ರಿಯಿಡೀ ಕಾರು ಓಡಿಸಿಕೊಂಡು ಬರುವವರಿದ್ದಾರೆ. ಸ್ಕ್ವಿರಲ್ ಹಿಲ್ ಸುರಂಗದ ಮುಂದೆ ವಾಹನ ಸಾಲುಗಟ್ಟದಿದ್ದರೆ ನಮ್ಮ ಕಟ್ಟಡದಿಂದ ಕಾರಿನಲ್ಲಿ ಇಪ್ಪತ್ತು ನಿಮಿಷದ ಆಸುಪಾಸು. ಬಸ್ಸು ಮಾತ್ರ ದೇವಸ್ಥಾನದ ಬಾಗಿಲಿಗೆ ಹೋಗುವುದಿಲ್ಲ. ಹತ್ತಿರದ ರಸ್ತೆಯಲ್ಲಿ ಇಳಿದು ನಡೆಯೋಣವೆಂದರೆ ಏರು ದಾರಿ, ಕಾರುಗಳ ರಭಸ. ಮೇಷ್ಟ್ರು ಹೂಂ ಎಂದಾರು, ಅಮ್ಮನಿಂದ ಆಗದು.

"ನಮ್ಮೂರಲ್ಲಿ ಬೆಟ್ಟಕ್ಕೆ 201 ಇದೆ, ತಾಯಿ ಹತ್ರ ಬಸ್ಸಲ್ಲೇ ಹೋಗಿ ಬರ್ತೀವಿ. ಇಲ್ಲಿ ವೆಂಕಟರಮಣನ್ನ ನೋಡ್ಬೇಕಾದ್ರೆ ಕಾರೇ ಬೇಕಲ್ಲ" ಎಂದು ಅಮ್ಮ ಹೇಳಿದಾಗ ಉತ್ತರ ಯಾರ ಹತ್ತಿರವೂ ಇರಲಿಲ್ಲ. ಕಾರಣ ಗೊತ್ತಿಲ್ಲದ್ದೇನಲ್ಲ: ಬಸ್ಸಿನ ದಾರಿಗಳು ಜನ ಕೆಲಸಕ್ಕೆ ಹೋಗುವ ಕಡೆಗೆ ಹರಿದಿವೆ, ವಲಸೆ ಬಂದವರು ಅಗ್ಗದ ನೆಲ ಸಿಕ್ಕ ಕಡೆ ಗುಡಿ ಕಟ್ಟಿದ್ದಾರೆ. ಆ ವಿವರಣೆ ಅಮ್ಮನಿಗೆ ಬೇಕಿರಲಿಲ್ಲ.

ಎರಡು ಉಪಾಯ ನೋಡಿದರು. ಬಸ್ಸಿನಲ್ಲಿ ಸ್ವಿಸ್‌ವೇಲ್‌ವರೆಗೆ ಹೋಗಿ ಅಲ್ಲಿಂದ ಕ್ಯಾಬ್ ಹಿಡಿಯುವುದು ಒಂದು. ಉಳಿದ ದುಡ್ಡು ಅಲ್ಪ, ಹೋದ ಹೊತ್ತು ದುಪ್ಪಟ್ಟು. ಹೋಗುವಾಗ ಮನೆಯಿಂದಲೇ ಕ್ಯಾಬ್, ಬರುವಾಗ ದೇವಸ್ಥಾನದಲ್ಲಿ ಸಿಕ್ಕ ಯಾರನ್ನಾದರೂ ಕೇಳಿ ಅವರ ಕಾರಿನಲ್ಲಿ ಬರುವುದು ಇನ್ನೊಂದು. ಇದು ನಡೆಯಿತು. ಪುಳಿಯೋಗರೆ, ಮೊಸರನ್ನ ಕೊಂಡು ಕೆಳಗಿನ ಊಟದ ಕೋಣೆಯಲ್ಲಿ ಕೂತರೆ ಹತ್ತು ನಿಮಿಷದಲ್ಲಿ "ಯಾವೂರಮ್ಮ?" ಎನ್ನುವವರು ಸಿಗುತ್ತಿದ್ದರು. ದಾವಣಗೆರೆಯ ಒಬ್ಬ ಹುಡುಗ, ಆಮೇಲೆ ಒಂದು ತೆಲುಗು ಕುಟುಂಬ, ಮನೆಯವರೆಗೆ ತಂದುಬಿಟ್ಟರು. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ಅಮ್ಮ ಕೆಲವು ಸಲ ಆದ ಮೇಲೆ ನಿಲ್ಲಿಸಿಬಿಟ್ಟರು. "ದೇವರನ್ನ ನೋಡೋ ಹೊತ್ತಲ್ಲೂ ವಾಪಸ್ ಯಾರನ್ನ ಕೇಳ್ಲಿ ಅಂತಾನೇ ತಲೇಲಿ ಓಡ್ತಿರತ್ತೆ. ಅದಕ್ಕಿಂತ ಶನಿವಾರ ಮಗಳ ಜೊತೆ ಹೋಗ್ತೀನಿ."

ಹಾಗೆ ಶನಿವಾರ ದೇವಸ್ಥಾನ ಮಗಳ ಪಾಲಿಗೆ, ಉಳಿದ ದಿನಗಳು 61ರ ಪಾಲಿಗೆ ಎಂದಾಯಿತು. ಸೆಪ್ಟೆಂಬರಿನಲ್ಲಿ ಅವರು ಹೊರಡುವಾಗ ಎರಡೂ ಕನೆಕ್ಟ್‌ಕಾರ್ಡ್‌ಗಳನ್ನು ನನಗೆ ಕೊಟ್ಟುಹೋದರು, ಒಂದರಲ್ಲಿ ಸ್ವಲ್ಪ ದುಡ್ಡೂ ಉಳಿದಿತ್ತು. ಮೂರನೇ ಮಹಡಿಯ ಹುಬ್ಬಳ್ಳಿಯವರ ಅತ್ತೆ-ಮಾವ ಬರುವ ಏಪ್ರಿಲ್‌ನಲ್ಲಿ ಬರುತ್ತಾರೆ. ಮಾವನಿಗೆ ಗಾಲಿಕುರ್ಚಿ ಬೇಕಾಗುತ್ತದಂತೆ, ಆದ್ದರಿಂದ ನಿಲ್ದಾಣಗಳ ಬಳಿ ಪಾದಚಾರಿ ದಾರಿ ಎಲ್ಲೆಲ್ಲಿ ಒಡೆದಿದೆ ಎಂಬ ಪಟ್ಟಿಯನ್ನು ಈಗಲೇ ಮಾಡಲು ಶುರುಮಾಡಿದ್ದೇನೆ.